ಆನೆಕಾಸೂ ಅದರ ನೆರಳೂ

ನಂಜನಗೂಡಿಗೂ ತಿರುಮಕೂಡಲು ನರಸೀಪುರಕ್ಕೂ ನಡುವಣ ಬಿಳಿಗೆರೆಯ ಸೀಮೆಯಲ್ಲಿ ಜಾತ್ರೆಗಳಿಗೆ ಕೊರತೆಯಿಲ್ಲ. ಅಂಥದೊಂದು ಜಾತ್ರೆಯಲ್ಲಿ, ಬೆಂಡುಬತ್ತಾಸಿನ ಅಂಗಡಿಗಳ ಸಾಲು ಮುಗಿಯುವೆಡೆ, ಗೋಣಿತಾಟಿನ ಮೇಲೆ ಹಳೆಯ ಬೀಗ, ಕೆಟ್ಟ ಗಡಿಯಾರ, ಹಿತ್ತಾಳೆಯ ಗಿಂಡಿಗಳೊಡನೆ ತಾಮ್ರದ ಬಿಲ್ಲೆಗಳನ್ನೂ ಹರವಿಕೊಂಡು ಕುಳಿತಿದ್ದ ವ್ಯಾಪಾರಿಯೊಬ್ಬನಿಂದ, ಬಹಳ ವರ್ಷಗಳ ಕೆಳಗೆ, ನಾನು ಎರಡು ಆನೆಕಾಸುಗಳನ್ನು ಕೊಂಡೆನು. “ಟಿಪ್ಪೂ ಕಾಲದ್ದು ಸ್ವಾಮಿ, ಗದ್ದೆ ಉಳುವಾಗ ಸಿಕ್ಕಿದ್ದು” ಎಂದು ಆತ ಪ್ರಮಾಣಮಾಡಿದನು. ಮನೆಗೆ ತಂದು ದೀಪದ ಬೆಳಕಿನಲ್ಲಿ ಜತೆಗಿಟ್ಟು ನೋಡಲಾಗಿ, ಎರಡರಲ್ಲಿಯೂ ಆನೆಯ ಬಾಲದ ಬುಡದಲ್ಲಿ, ಒಂದೇ ಓರೆಯಲ್ಲಿ, ಒಂದೇ ಗೀರು! ಟಂಕಸಾಲೆಯ ಅಚ್ಚು ಬಿರುಕುಬಿಟ್ಟಿದ್ದರೆ ಆ ಗುರುತು ನಾಣ್ಯದ ಮೇಲೆ ಉಬ್ಬಾಗಿ ಮೂಡುತ್ತಿತ್ತು, ಇದಾದರೋ ತಗ್ಗಾಗಿತ್ತು. ಒಂದು ನಾಣ್ಯಕ್ಕಾದ ಗಾಯ ಮತ್ತೊಂದಕ್ಕೂ ಹೀಗೆ ಬರಬೇಕಾದರೆ, ಗಾಯಗೊಂಡ ಮೂಲವೊಂದರಿಂದ ಪಡಿಯಚ್ಚು ತೆಗೆದು ಎರಡನ್ನೂ ಎರಕ ಹೊಯ್ದಿರಬೇಕಲ್ಲದೆ ಅನ್ಯಮಾರ್ಗವಿಲ್ಲ. ಮೋಸಹೋದೆನೆಂಬ ಖೇದ ಅರ್ಧ ಗಳಿಗೆಯಲ್ಲಿ ಇಳಿಯಿತು. ನಕಲುಗಳ ಮೇಲಣ ಕುತೂಹಲ ಇಂದಿಗೂ ಇಳಿದಿಲ್ಲ.

ಆನೆಗೂ ಈ ನೆಲಕ್ಕೂ ಇರುವ ನಂಟು ಟಿಪ್ಪುವಿಗಿಂತ ಬಹು ಹಿಂದಿನದು. ನರಸೀಪುರದ ಆಚೆಯ ತಲಕಾಡಿನಿಂದ ಆಳಿದ ಗಂಗರ ಲಾಂಛನವೇ ಮದಗಜ. ಒಂದು ಮುಖದಲ್ಲಿ ಆನೆಯನ್ನೂ ಇನ್ನೊಂದರಲ್ಲಿ ಬಳ್ಳಿಯ ಸುರುಳಿಯನ್ನೂ ಧರಿಸಿದ ಗಜಪತಿ ವರಾಹಗಳನ್ನು ಅವರದೆಂದು ಹೇಳುವುದು ವಾಡಿಕೆ. ಚಿನ್ನದಿಂದ ತಾಮ್ರಕ್ಕಿಳಿದು ಸಂತೆಯ ಬಡವನ ಬೊಗಸೆಗೆ ಬಂದ ಆನೆಯನ್ನು ಹೈದರನೂ ಬಿಡಲಿಲ್ಲ, ಟಿಪ್ಪುವಂತೂ ಶ್ರೀರಂಗಪಟ್ಟಣ, ನಗರವೆನಿಸಿದ ಬಿದನೂರು, ಬೆಂಗಳೂರು ಮೊದಲಾದ ಅನೇಕ ಟಂಕಸಾಲೆಗಳಲ್ಲಿ ಅದನ್ನು ಎಡಕ್ಕೂ ಬಲಕ್ಕೂ ನಡೆಯಿಸಿದನು. ತಾಮ್ರದ ಕಾಸುಗಳಿಗೆ ಆತನಿಟ್ಟ ಹೆಸರುಗಳು ಆಕಾಶದವು: ಜೊಹ್ರಾ ಎಂದರೆ ಶುಕ್ರ, ಬಹ್ರಾಮ್ ಎಂದರೆ ಮಂಗಳ, ಅಖ್ತರ್ ಎಂದರೆ ನಕ್ಷತ್ರ, ಕುತ್ಬ್ ಎಂದರೆ ಧ್ರುವ. ಬಳಿಕ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿಯೂ ಆನೆ ಉಳಿಯಿತು; ಹಿಮ್ಮುಖದಲ್ಲಿ ಮಾತ್ರ ‘ಮಯಿಲಿ ಕಾಸು’ ಎಂಬ ಕನ್ನಡದ ಲಿಪಿ ಬಂದಿತು. 1833ರಲ್ಲಿ ಮೈಸೂರಿನ ಟಂಕಸಾಲೆ ಬೆಂಗಳೂರಿಗೆ ಹೋಗಿ, 1843ರಲ್ಲಿ ಮುಚ್ಚಿತು.

ಟಿಪ್ಪುವು 1787ರಿಂದ ಮೌಲೂದಿ ಎಂಬ ಹೊಸ ಶಕವನ್ನು ಬಳಕೆಗೆ ತಂದು, ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಯಿಸತೊಡಗಿದನು. ಆ ಶಕದ 1215 ಎಂಬುದು ನಾಣ್ಯದಲ್ಲಿ ನಮ್ಮ ಕಣ್ಣಿಗೆ 5121ರಂತೆ ಕಾಣುವುದು. ಅದೇ 1787ರಲ್ಲಿ, ಆಗತಾನೇ ಆಂಗ್ಲರ ಹಿಡಿತದಿಂದ ಬಿಡಿಸಿಕೊಂಡಿದ್ದ ಅಮೆರಿಕೆಯವರು ಸೂರ್ಯಗಡಿಯಾರದ ಚಿತ್ರವುಳ್ಳ ಫ್ಯೂಜಿಯೋ ಎಂಬ ತಾಮ್ರದ ನಾಣ್ಯವನ್ನು ಅಚ್ಚಿಸುತ್ತಿದ್ದರು. ನ್ಯೂಜೆರ್ಸಿಯ ಕಾಸಿನಲ್ಲಿ ಕುದುರೆಯ ತಲೆ, ಅದರಡಿಯಲ್ಲಿ ನೇಗಿಲು. ಅಲ್ಲಿಯ ಆ ಹಳೆಯ ತಾಮ್ರಗಳು ಮುಂದೆ ದುರ್ಲಭವಾದುವಾಗಿ, 1860ರ ದಶಕದಲ್ಲಿಯೇ ಸ್ಪ್ರಿಂಗ್‌ಫೀಲ್ಡಿನ ಕೆತ್ತನೆಗಾರ ಬೋಲೆನ್ ಎಂಬಾತನು ಅಪರೂಪದ ಕೆಲವಕ್ಕೆ ಪ್ರತಿರೂಪಗಳನ್ನು ಕೆತ್ತಿದನು. ಈಗ ಆ ಪ್ರತಿರೂಪಗಳನ್ನೇ ಅರಸಿ ಕೊಳ್ಳುವವರಿದ್ದಾರೆ! ಅಲ್ಲಿ 1973ರ ಕಾನೂನೊಂದು ನಾಣ್ಯದ ನಕಲಿನ ಮೈಮೇಲೆ ‘ಕಾಪಿ’ ಎಂಬ ಪದ ಅಳಿಯದಂತೆ ಇರಲೇಬೇಕೆಂದು ವಿಧಿಸಿತು. ಸಾಮಾನ್ಯ ವರಮಾನದವನು ಮೂಲವನ್ನು ಕೊಳ್ಳಲಾರದೆ, ತನ್ನ ಹುಟ್ಟನ್ನು ತಾನೇ ಒಪ್ಪಿಕೊಳ್ಳುವ ನಕಲನ್ನು ಕೊಂಡು ಅಭ್ಯಾಸಮಾಡುವುದರಲ್ಲಿ ನನಗೆ ಯಾವ ಕೀಳ್ಮೆಯೂ ಕಾಣುವುದಿಲ್ಲ.

ಅಭ್ಯಾಸವೆಂದರೆ ಮುಖ್ಯವಾಗಿ ಕೈಯ ಅಭ್ಯಾಸ. ಹಳೆಯ ಕಾಸನ್ನು ಕಮ್ಮಟದವನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದನು. ಅಚ್ಚುಗಳನ್ನು ಕೊರೆದದ್ದು ಕೈಯಿಂದ, ಪೆಟ್ಟು ಬಿದ್ದದ್ದು ಕೈಯಿಂದ; ಆದಕಾರಣ ಚಿತ್ರ ಒಮ್ಮೆ ಬಿಲ್ಲೆಯಿಂದ ಹೊರಗೆ ಜಾರುವುದು, ಒಮ್ಮೆ ಆನೆಗೆ ಸೊಂಡಿಲೇ ಇಲ್ಲವಾಗುವುದು. ಎರಕದ ನಕಲಿನಲ್ಲಿ ಅಕ್ಷರದ ಅಂಚು ಸವೆದ ಸಾಬೂನಿನಂತೆ ಮೊಂಡು; ಮೈಮೇಲೆ ಗಾಳಿಗುಳ್ಳೆಯ ಸಣ್ಣ ಕುಳಿಗಳು; ಪಡಿಯಚ್ಚಿನ ಎರಡು ಭಾಗ ಕೂಡಿದಲ್ಲಿ ಅಂಚಿನ ಸುತ್ತ ತೆಳುಗೆರೆ, ಅಥವಾ ಅದನ್ನು ಅರದಿಂದ ಉಜ್ಜಿದ ಗುರುತು. ಟಿಪ್ಪುವಿನ ಜೊಹ್ರಾ ಸುಮಾರು 11 ಗ್ರಾಂ ತೂಗಬೇಕು. ನನ್ನ ಜೋಡಿ ಎಂಟನ್ನು ದಾಟಲಿಲ್ಲ. ಕಿಲುಬಿನ ಬಣ್ಣವನ್ನಂತೂ ನಂಬಲೇಬಾರದು, ಅದನ್ನು ಹಚ್ಚುವ ಉಪಾಯಗಳು ಬೇಕಾದಷ್ಟಿವೆ. ಇದರ ವಿಪರೀತವಾಗಿ, ನಿಜವಾದ ಕಾಸನ್ನು ನಮ್ಮ ಹೆಣ್ಣುಮಕ್ಕಳು ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳಿಸುವಂತೆ ಮಾಡಿ, ಅದರ ಪ್ರಾಯವನ್ನೆಲ್ಲ ಬಚ್ಚಲಿಗೆ ಚೆಲ್ಲಿರುವುದೂ ಉಂಟು. ಓದುವ ಹವ್ಯಾಸವಿದ್ದವರಿಗೆ ಹೆಂಡರ್‌ಸನ್ ಎಂಬ ವಿದ್ವಾಂಸ 1921ರಲ್ಲಿ ಪ್ರಕಟಿಸಿದ, ಹೈದರ್-ಟಿಪ್ಪುಗಳ ನಾಣ್ಯಗಳನ್ನು ಕುರಿತ ಗ್ರಂಥ ಇಂದಿಗೂ ಕೈದೀವಿಗೆ.

ನಾಣ್ಯದಂತೆ ಕಾಣುವುದೆಲ್ಲ ಮೋಸವಲ್ಲ: ಪೂಜೆಗೆಂದು ಇಟ್ಟ, ರಾಮನ ಚಿತ್ರವುಳ್ಳ ರಾಮಟಂಕಿಯೆಂಬ ಬಿಲ್ಲೆಯು ಯಾರನ್ನೂ ವಂಚಿಸುವುದಿಲ್ಲ. ಆದರೆ ಈಸ್ಟ್ ಇಂಡಿಯಾ ಕಂಪನಿಯ ಹೆಸರನ್ನೂ 1818 ಎಂಬ ವರ್ಷವನ್ನೂ ಹೊತ್ತು, ಹನುಮಂತನನ್ನೋ ರಾಮಪಟ್ಟಾಭಿಷೇಕವನ್ನೋ ತೋರಿಸುವ ‘ಅರ್ಧ ಆಣೆ’ಯ ಬಗೆಯೇ ಬೇರೆ: ಅದಕ್ಕೆ ಮೂಲವೆಂಬುದೇ ಇಲ್ಲ. ಕಂಪನಿ ಅಂಥ ನಾಣ್ಯವನ್ನು ಎಂದೂ ಅಚ್ಚಿಸಲಿಲ್ಲ. ಇಂಥ ಬಿಲ್ಲೆ ಅಕ್ಕಿಯನ್ನು ತನ್ನತ್ತ ಸೆಳೆಯುವುದೆಂದೂ ಅದಕ್ಕೆ ಲಕ್ಷಾಂತರ ರೂಪಾಯಿ ಬೆಲೆಯುಂಟೆಂದೂ ನಂಬಿಸಿ, ಅಕ್ಕಿಗೆ ಕಬ್ಬಿಣದ ಪುಡಿಯನ್ನೂ ಬಿಲ್ಲೆಗೆ ಅಯಸ್ಕಾಂತವನ್ನೂ ಕೂಡಿಸಿ ಆಟವಾಡುವ ‘ರೈಸ್ ಪುಲ್ಲಿಂಗ್’ ವಂಚಕರಿಂದ ಹೊಲಮನೆ ಕಳೆದುಕೊಂಡವರಿದ್ದಾರೆ.

ನನ್ನ ಜೋಡಿಕಾಸುಗಳು ಮುಂದೆ ಯಾರ ಕೈ ಸೇರುವುವೋ ಎಂದು ಯೋಚಿಸಿ, ಅಮೆರಿಕೆಯವರ ಪದ್ಧತಿಯನ್ನು ಅನುಸರಿಸಿ, ಪರಿಚಿತನಾದ ಅಕ್ಕಸಾಲಿಯ ಬಳಿಗೊಯ್ದು ಎರಡಕ್ಕೂ ಆನೆಯ ಹೊಟ್ಟೆಯ ಕೆಳಗೆ ‘ನಕಲು’ ಎಂದು ಕೊರೆಯಿಸಿದೆನು. ಕೊರೆದು ಮುಗಿಸಿದ ಆತ, ಬಿಲ್ಲೆಯನ್ನು ಅಂಗವಸ್ತ್ರದಿಂದ ಒರಸುತ್ತ, “ಇಂಥ ಹಳೇ ಕಾಸ್ನ ಕೆಡಿಸ್ಬುಟ್ರಲ್ಲ ಸ್ವಾಮಿ” ಎಂದು ನೊಂದುಕೊಂಡನು.