ವಿಹಾರದ ದೋಣಿ, ನೀರಿನ ಕೊಡ

ವಿಶ್ರಾಂತಿ ಪಾಪವಲ್ಲ. ಆರು ದಿನಗಳ ಸೃಷ್ಟಿಕಾರ್ಯದ ಬಳಿಕ ದೇವರು ವಿಶ್ರಮಿಸಿದರೆಂದು ಆದಿಕಾಂಡ ತಿಳಿಸುತ್ತದೆ. ದಣಿದು ಬಂದ ಪ್ರೇಷಿತರನ್ನು ಪ್ರಭು ಯೇಸು ದೋಣಿಯಲ್ಲಿ ಏಕಾಂತ ಸ್ಥಳಕ್ಕೆ ಕರೆದೊಯ್ದರೆಂದು ಸಂತ ಮಾರ್ಕನ ಶುಭಸಂದೇಶ ಹೇಳುತ್ತದೆ. ಆದರೆ ದಡ ಸೇರಿದಾಗ ಅವರಿಗೆ ಎದುರಾದದ್ದು ಏಕಾಂತವಲ್ಲ, ಕಾದು ನಿಂತ ಜನಸ್ತೋಮ. ಈ ಪ್ರಸಂಗದ ಅರ್ಥ ನನಗೆ ಹೊಸದಾಗಿ ಹೊಳೆದದ್ದು ಒಂದು ಬೇಸಿಗೆಯಲ್ಲಿ, ನಮ್ಮ ಧರ್ಮಕೇಂದ್ರದ ಕೆಲವು ಕುಟುಂಬಗಳೊಡನೆ ಕೇರಳದ ಆಲಪ್ಪುಳಕ್ಕೆ ದೋಣಿವಿಹಾರಕ್ಕೆ ಹೋದಾಗ.

ಹದಿನೆಂಟನೆಯ ಶತಮಾನದಲ್ಲಿ ತಿರುವಾಂಕೂರಿನ ದಿವಾನ ರಾಜಾ ಕೇಶವದಾಸರು ಆಲಪ್ಪುಳದ ಬಂದರನ್ನು ಬೆಳೆಸಿ, ಸರಕು ಸಾಗಿಸಲು ಕಾಲುವೆಗಳನ್ನು ತೋಡಿಸಿದರು. ನಾವು ಏರಿದ್ದು ಕೆಟ್ಟುವಳ್ಳಂ ಎಂಬ ದೋಣಿ. ಹೆಬ್ಬಲಸಿನ ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟುವ ಈ ದೋಣಿಗಳು ಹಿಂದೆ ಅಕ್ಕಿ ಹೊರುತ್ತಿದ್ದವು. ಇಂದು ಪ್ರವಾಸಿಗರನ್ನು ಹೊರುತ್ತವೆ. ಇಕ್ಕೆಲಗಳಲ್ಲಿ ಕುಟ್ಟನಾಡಿನ ಗದ್ದೆಗಳು. ಕಾಲುವೆಯ ನೀರು ಮೇಲೆ, ಬದುವಿನಾಚೆ ಗದ್ದೆ ಕೆಳಗೆ! ಸಮುದ್ರಮಟ್ಟಕ್ಕಿಂತ ಕೆಳಗೆ ಭತ್ತ ಬೆಳೆಯುವ ಈ ಪದ್ಧತಿಗೆ 2013ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ಮನ್ನಣೆ ದೊರೆಯಿತು.

ಒಂದು ಕಿರುಗಾಲುವೆಯ ಬದುವಿನ ಮೇಲೆ ಹೆಂಗಸರು ಪ್ಲಾಸ್ಟಿಕ್ ಕೊಡಗಳೊಡನೆ ನಿಂತಿದ್ದರು. "ಸ್ವಾಮಿ, ಸುತ್ತಲೂ ಇಷ್ಟು ನೀರಿದೆ. ಇವರು ಕೊಡ ಹಿಡಿದು ಏತಕ್ಕೆ ಕಾಯುತ್ತಿದ್ದಾರೆ?" ಎಂದು ಹತ್ತು ವರ್ಷದ ಬಾಲಕನೊಬ್ಬ ಕೇಳಿದ. "ಕುಡಿಯುವ ನೀರಿನ ದೋಣಿಗೆ" ಎಂದು ನಾವಿಕನೇ ಉತ್ತರಿಸಿದ. ಬೇಸಿಗೆಯಲ್ಲಿ ಒಳನುಗ್ಗುವ ಕಡಲಿನ ಉಪ್ಪು, ಗದ್ದೆಗಳಿಂದ ಹರಿದುಬರುವ ಕೀಟನಾಶಕ, ಪಟ್ಟಣಗಳ ಕೊಳಚೆ, ವಿಹಾರದ ದೋಣಿಗಳ ತೈಲ ಮತ್ತು ಹೊಲಸು ಇವೆಲ್ಲ ಸೇರಿ ಮನೆಯಂಗಳದ ನೀರನ್ನೇ ಕುಡಿಯಲಾಗದಂತೆ ಮಾಡಿವೆ. ಬೆಳಿಗ್ಗೆ ನಮ್ಮವರೊಬ್ಬರು ಖಾಲಿ ಬಾಟಲಿಯನ್ನು ಕಾಲುವೆಗೆ ಎಸೆದಾಗ, ಸಂತೋಷದ ದಿನ ಏಕೆ ಗದರಿಸಬೇಕೆಂದು ನಾನು ಸುಮ್ಮನಿದ್ದೆ. ಆ ಮೌನ ಈಗ ನನ್ನನ್ನು ಚುಚ್ಚಿತು.

ಮಧ್ಯಾಹ್ನ ಕೈನಕರಿಯಲ್ಲಿ ಇಳಿದೆವು. 1805ರಲ್ಲಿ ಸಂತ ಕುರಿಯಾಕೋಸ್ ಎಲಿಯಾಸ್ ಚಾವರರು ಜನಿಸಿದ್ದು ಇಲ್ಲಿಯೇ. ಅವರಿಗೆ ಸಂತಪದವಿ ಘೋಷಣೆಯಾದದ್ದು 2014ರಲ್ಲಿ. ಬಡಮಕ್ಕಳು ಶಾಲೆಯಲ್ಲಿ ಉಂಡು ಕಲಿಯಲೆಂದು, ಪ್ರತಿ ಮನೆಯಲ್ಲೂ ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ತೆಗೆದಿಡುವ ರೂಢಿಯನ್ನು ಅವರು ಬೆಳೆಸಿದರು. ತನ್ನ ಊಟದ ಹೊತ್ತಿನಲ್ಲಿಯೇ ಪರರ ಹಸಿವನ್ನು ನೆನೆಯುವುದು ಅದರ ತಿರುಳು.

ವಿರಾಮಕ್ಕೂ ಇಂಥದೊಂದು ಹಿಡಿಯಕ್ಕಿ ಬೇಡವೇ? ಶುದ್ಧ ಕುಡಿಯುವ ನೀರು ಮಾನವನ ಮೂಲಭೂತ ಹಕ್ಕೆಂದು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಪೋಪ್ ಫ್ರಾನ್ಸಿಸ್ ಸಾರಿದರು. ಭಾನುವಾರದ ವಿಶ್ರಾಂತಿಯು ಪರರ ಹಕ್ಕುಗಳತ್ತ ನಮ್ಮ ಕಣ್ಣು ತೆರೆಸಬೇಕೆಂಬುದೂ ಅದೇ ಪತ್ರದ ಬೋಧನೆ. ನಮ್ಮ ವಿಹಾರಸ್ಥಳವು ಇನ್ನೊಬ್ಬರ ಅಂಗಳ, ಅವರ ಬಚ್ಚಲು, ಅವರ ಅಡುಗೆಮನೆ.

ಹಿಂದಿರುಗುವಾಗ ಆ ಬಾಲಕ ಚೀಲವೊಂದನ್ನು ಹಿಡಿದು, ಎಲ್ಲರ ಖಾಲಿ ಬಾಟಲಿಗಳನ್ನೂ ಕೂಡಿಸಿದ. ಮೊದಲ ಬಾಟಲಿಯನ್ನು ಕೊಟ್ಟವನು ನಾನೇ.