ಹಳೆಯ ಕಾರಿನ ಎಂಜಿನಿಗೆ ಜೀರ್ಣೋದ್ಧಾರ

ಉತ್ತರಪಾರದ ಹಿಂದೂಸ್ತಾನ್ ಮೋಟರ್ಸ್ ಕಾರ್ಖಾನೆಯಲ್ಲಿ ಅಂಬಾಸಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಆದರೂ ಅದನ್ನೇ ನೆಚ್ಚಿಕೊಂಡಿರುವ ಮನೆಗಳುಂಟು, ನಮ್ಮದೂ ಅಂತಹುದೊಂದು. ಬಾಡಿಗೆಗೆ ಓಡಿ ನನ್ನನ್ನು ಬಿ.ಎ. ತರಗತಿಯವರೆಗೆ ತಂದ ಆ ಕಾರಿನ 1489 ಸಿ.ಸಿ. ಪೆಟ್ರೋಲ್ ಎಂಜಿನ್ ನೀಲಿ ಹೊಗೆ ಉಗುಳತೊಡಗಿತು. ಎಂಜಿನನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿಸುವುದೋ, ಕಾರನ್ನೇ ಗುಜರಿಗೆ ಹಾಕುವುದೋ? ಕೂಡಿಟ್ಟ ಹಣದಲ್ಲಿಯೇ ನನ್ನ ಮುಂದಿನ ಓದೂ ಸಾಗಬೇಕಾದುದರಿಂದ ಈ ಪ್ರಶ್ನೆ ತಂದೆಯವರದು ಮಾತ್ರವಲ್ಲ, ನನ್ನದೂ ಆಯಿತು.

ಹೊಗೆ ಕಂಡೊಡನೆ ತೀರ್ಮಾನಕ್ಕೆ ಬರುವುದು ತರವಲ್ಲ. ನೀಲಿ ಹೊಗೆಯೆಂದರೆ ಆಯಿಲ್ ಉರಿಯುತ್ತಿದೆ ಎಂದಷ್ಟೇ ಅರ್ಥ. ಅದು ಸವೆದ ಪಿಸ್ಟನ್ ರಿಂಗುಗಳನ್ನು ದಾಟಿ ಮೇಲೇರಿರಬಹುದು. ಇಲ್ಲವೆ ವಾಲ್ವುಗಳ ಬಳಿಯಿಂದ ಕೆಳಗಿಳಿದಿರಬಹುದು. ಇವನ್ನು ಬೇರ್ಪಡಿಸಲು ಮೆಕ್ಯಾನಿಕರು ಪ್ರತಿ ಸಿಲಿಂಡರಿನ ಕಂಪ್ರೆಷನ್ ಅಳೆಯುತ್ತಾರೆ. ಕಡಮೆಯಿದ್ದಲ್ಲಿ ಒಂದು ಚಮಚ ಆಯಿಲ್ ಬಿಟ್ಟು ಪುನಃ ಅಳೆಯುತ್ತಾರೆ. ಆಯಿಲ್ ರಿಂಗಿನ ಸಂದನ್ನು ಮುಚ್ಚಿ ಒತ್ತಡ ಏರಿದರೆ, ಸವೆದಿರುವುದು ರಿಂಗು ಅಥವಾ ಸಿಲಿಂಡರು. ಆಗ ಬೋರು ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಿಸಬೇಕಾಗಬಹುದು, ಖರ್ಚು ಹೆಚ್ಚು. ಏರದಿದ್ದರೆ ದೋಷ ಬಹುಮಟ್ಟಿಗೆ ವಾಲ್ವಿನದು ಅಥವಾ ಹೆಡ್ ಗ್ಯಾಸ್ಕೆಟ್ಟಿನದು. ಹೆಡ್ಡಿನ ಕೆಲಸವಷ್ಟೇ ಸಾಕು. ಎಂಜಿನ್ ಬಿಸಿಯಾದಾಗ ಆಯಿಲ್ ಪ್ರೆಷರ್ ಕುಸಿದು ಕೆಳಗಿನಿಂದ ಬಡಿತ ಕೇಳಿಸಿದರೆ ಬೇರಿಂಗುಗಳೂ ಸವೆದಿವೆಯೆಂದು ಶಂಕಿಸಬೇಕು.

ಇದೆಲ್ಲಕ್ಕೂ ಮುನ್ನ ನೋಡಬೇಕಾದುದು ಕಾರಿನ ತಳ. ಅಂಬಾಸಡರಿಗೆ ಬೇರೆ ಚಾಸಿಯಿಲ್ಲ; ಬಾಡಿಯೇ ಭಾರವನ್ನೆಲ್ಲ ಹೊರುತ್ತದೆ. ತಳದ ತಗಡನ್ನು ತುಕ್ಕು ತಿಂದಿದ್ದರೆ ಎಂಜಿನಿಗೆ ಸುರಿದ ಹಣ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ನಮ್ಮ ಕಾರಿನ ತಳ ಗಟ್ಟಿಯಾಗಿತ್ತು, ಆಯಿಲ್ ಬಿಟ್ಟರೂ ಒತ್ತಡ ಏರಲಿಲ್ಲ, ಬಡಿತವೂ ಇರಲಿಲ್ಲ. ತಂದೆಯವರು ಹೆಡ್ಡನ್ನು ಮಾತ್ರ ಕೆಲಸಕ್ಕೆ ಕೊಟ್ಟರು. ಉಳಿದ ಹಣ ನನ್ನ ಎಂ.ಎ. ಪ್ರವೇಶಕ್ಕೆ ಮೀಸಲಾಯಿತು.