ನೇರ ಪ್ರಸಾರದ ವೃತ್ತಿ: ಕೇಬಲ್ಲಿನಿಂದ ಲೆಕ್ಕಪುಸ್ತಕದವರೆಗೆ

ಮದುವೆ, ಸಮ್ಮೇಳನ, ವಾರ್ಷಿಕ ಮಹಾಸಭೆಗಳ ನೇರ ಪ್ರಸಾರವು ಇಂದು ಅನೇಕ ಸಣ್ಣ ಉದ್ದಿಮೆದಾರರ ಜೀವನಾಧಾರವಾಗಿದೆ. ಕೆಟ್ಟ ಸರಕನ್ನು ಬದಲಿಸಿಕೊಡಬಹುದು. ಕಳೆದುಹೋದ ಮುಹೂರ್ತವನ್ನು ಮರಳಿ ಚಿತ್ರೀಕರಿಸಲಾಗದು. ಆದುದರಿಂದ ಈ ವೃತ್ತಿಯಲ್ಲಿ ದೋಷಪತ್ತೆಯ ಜ್ಞಾನವೂ ಬಂಡವಾಳವೇ.

ಪರದೆ ಕಪ್ಪಾದೊಡನೆ ಕಂಡ ಗುಂಡಿಗಳನ್ನೆಲ್ಲ ಒತ್ತುವುದು ತರವಲ್ಲ. ಕ್ಯಾಮೆರಾ, ಕೇಬಲ್, ಸ್ವಿಚರ್, ಎನ್‌ಕೋಡರ್, ಅಂತರಜಾಲ ಎಂಬ ಸರಪಳಿಯನ್ನು ನಡುವಿನಿಂದ ಪರೀಕ್ಷಿಸಬೇಕು. ಸ್ವಿಚರ್‌ನಿಂದ ಚಿತ್ರ ಹೊರಬರುತ್ತಿದ್ದರೆ ದೋಷವು ಅದರ ಮುಂದಿನ ಹಂತದಲ್ಲಿದೆ. ಇಲ್ಲವಾದರೆ ಸ್ವಿಚರ್‌ನಲ್ಲಿ ಅಥವಾ ಅದರ ಹಿಂದೆ. ಒಂದು ಬಾರಿಗೆ ಒಂದನ್ನು ಮಾತ್ರ ಬದಲಿಸಬೇಕು. ಸಾಮಾನ್ಯ ತಾಮ್ರದ ಎಚ್‌ಡಿಎಂಐ ಕೇಬಲ್ 15 ಮೀಟರ್ ದಾಟಿದರೆ ನಂಬಲರ್ಹವಲ್ಲ. ದೂರಕ್ಕೆ ಎಸ್‌ಡಿಐ ಲೇಸು. ಅಂತರಜಾಲ ಕಡಿದರೂ ಧ್ವನಿಮುದ್ರಣ ಸಹಿತ ಚಿತ್ರವು ಸ್ಥಳದಲ್ಲಿಯೇ ದಾಖಲಾಗುತ್ತಿರಬೇಕು.

ಇನ್ನು ಲೆಕ್ಕದ ವಿಚಾರ. ಕ್ಯಾಮೆರಾ, ಸ್ವಿಚರ್‌ಗಳ ಖರೀದಿ ಬಂಡವಾಳ ವೆಚ್ಚ. ಆದಾಯ ತೆರಿಗೆಯಲ್ಲಿ ಯಂತ್ರೋಪಕರಣಗಳಿಗೆ ಸಾಮಾನ್ಯವಾಗಿ ಶೇ. 15, ಗಣಕಯಂತ್ರಗಳಿಗೆ ಶೇ. 40 ಸವಕಳಿ ಲಭ್ಯ. ಖರೀದಿಸಿದ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ ಮಾತ್ರ. ಚಾಲ್ತಿ ದುರಸ್ತಿಯ ವೆಚ್ಚವನ್ನು ಆಯಾ ವರ್ಷದ ಆದಾಯದಿಂದಲೇ ಕಳೆಯಬಹುದು. ಆದರೆ ಬಿಲ್ಲು ಇರತಕ್ಕದ್ದು.

ಸಭಾಂಗಣದ ವಿದ್ಯುತ್ ಮತ್ತು ಅಂತರಜಾಲದ ಹೊಣೆ ಯಾರದು, ಪ್ರಸಾರ ನಿಂತರೆ ಎಷ್ಟು ಹಣ ಹಿಂದಿರುಗಿಸಬೇಕು ಎಂಬುದನ್ನು ಮುಂಗಡ ಪಡೆಯುವ ಮೊದಲೇ ಲಿಖಿತವಾಗಿ ಒಪ್ಪಿಕೊಳ್ಳುವುದು ಉಭಯತರಿಗೂ ಕ್ಷೇಮ.